ಜೀವ ಉಳಿಯಿತು, ಜೀವನ?

ತಂಗಿಯ ಮದುವೆ ನಿಶ್ಚಯವಾದೊಡನೆ ನಾನು ಮಾಡಿದ ಮೊದಲ ಕೆಲಸ ತಿಪಟೂರಿನ ದೊಡ್ಡಪ್ಪನವರಿಗೆ ದೂರವಾಣಿ ಮಾಡಿದ್ದು. ನಮ್ಮ ತಂದೆ ತೀರಿಕೊಂಡು ಹನ್ನೊಂದು ವರ್ಷವಾಯಿತು. ಮನೆಗೆ ಹಿರಿಯರೆಂದರೆ ದೊಡ್ಡಪ್ಪನೇ. ಧಾರೆ ಎರೆದುಕೊಡಬೇಕಾದವರೂ ಅವರೇ. ಸುದ್ದಿ ಕೇಳಿ ಸಂತೋಷಪಟ್ಟರು. ಹುಡುಗನ ಊರು, ಉದ್ಯೋಗ, ಮನೆತನ ಎಲ್ಲವನ್ನೂ ವಿಚಾರಿಸಿದರು. ಕೊನೆಯಲ್ಲಿ, “ಧಾರೆಗೆ ಮಾತ್ರ ನಿಮ್ಮ ಚಿಕ್ಕಪ್ಪನನ್ನು ಕೂರಿಸಿಕೊಳ್ಳಿ. ನಾನು ಇಲ್ಲಿಂದಲೇ ಅಕ್ಷತೆ ಹಾಕುತ್ತೇನೆ” ಎಂದರು. ಕಾರಣ ಕೇಳಿದರೆ, “ಮೈ ಸ್ವಸ್ಥವಿಲ್ಲ” ಎಂದು ಮಾತು ಮುಗಿಸಿದರು.

ನನಗೆ ಅರ್ಥವಾಗಲಿಲ್ಲ. ಎರಡೂವರೆ ವರ್ಷದ ಹಿಂದೆ ಅವರ ಮಲಾಶಯದಲ್ಲಿ ಕ್ಯಾನ್ಸರಿನ ಗೆಡ್ಡೆ ಕಾಣಿಸಿಕೊಂಡಿತ್ತು, ನಿಜ. ರಕ್ತ ಬೀಳುತ್ತಿದ್ದುದನ್ನು ಮೂಲವ್ಯಾಧಿಯೆಂದು ಬಗೆದು ಒಂದು ವರ್ಷ ಲೇಹ್ಯ ಸೇವಿಸುತ್ತ ಕಳೆದಿದ್ದರು. ಅನಂತರ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಐದು ವಾರ ವಿಕಿರಣ ಚಿಕಿತ್ಸೆ, ಆಮೇಲೆ ಶಸ್ತ್ರಚಿಕಿತ್ಸೆ. ಗೆಡ್ಡೆ ಪೂರ್ತಿಯಾಗಿ ಹೋಯಿತು. ಈಚಿನ ಪರೀಕ್ಷೆಗಳಲ್ಲಿಯೂ ರೋಗದ ಸುಳಿವಿಲ್ಲವೆಂದು ವೈದ್ಯರು ಹೇಳಿದಾಗ ದೊಡ್ಡಮ್ಮ ಸತ್ಯನಾರಾಯಣ ಪೂಜೆ ಮಾಡಿಸಿದ್ದರು. ನಾವೆಲ್ಲ ಹೋಗಿ ಸಪಾದಭಕ್ಷ್ಯ ತಿಂದು, ಗಂಡಾಂತರ ಕಳೆಯಿತೆಂದು ಸಮಾಧಾನಪಟ್ಟು ಬಂದಿದ್ದೆವು. ಗುಣವಾದ ಮನುಷ್ಯ ತಮ್ಮನ ಮಗಳ ಧಾರೆಗೆ ಬರಲಾರೆನೆನ್ನುವುದು ಏಕೆ?

ಮುಂದಿನ ಭಾನುವಾರ ತಿಪಟೂರಿಗೆ ಹೋದೆ. ಊಟವಾದ ಮೇಲೆ ದೊಡ್ಡಮ್ಮ ಒಳಗೆ ಹೋದ ಸಮಯ ನೋಡಿ ಮತ್ತೆ ಕೇಳಿದೆ. ದೊಡ್ಡಪ್ಪ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಮಾತನ್ನು ಸುತ್ತಿ ಬಳಸಿ ಆಡುವವರಲ್ಲ. ಆದರೂ ಆ ಹೊತ್ತು ಬಹಳ ಹೊತ್ತು ತೆಂಗಿನ ಗರಿಗಳನ್ನು ನೋಡುತ್ತ ಕುಳಿತಿದ್ದು ಆಮೇಲೆ ಹೇಳಿದರು: “ಹಸೆಯ ಮೇಲೆ ಎರಡು ಗಂಟೆ ಕೂರಬೇಕಲ್ಲಯ್ಯ. ನನಗೆ ಅವಸರವಾದರೆ ಎರಡು ನಿಮಿಷವೂ ತಡೆಯುವ ಶಕ್ತಿಯಿಲ್ಲ. ಕಲಶ ಹಿಡಿದವನು, ನೀರು ಎರೆಯುವ ಹೊತ್ತಿಗೆ ಎದ್ದು ಓಡಿದರೆ? ಓಡುವುದಕ್ಕೂ ಆಗದೆ ಹೋದರೆ? ಮಗುವಿನ ಮದುವೆಯಲ್ಲಿ ಅಂಥದು ನಡೆಯಬಾರದು.”

ಬಸ್ಸು ಹತ್ತುವುದನ್ನು ಬಿಟ್ಟು ಒಂದೂವರೆ ವರ್ಷವಾಯಿತಂತೆ, ರೈಲಿನಲ್ಲಾದರೆ ಶೌಚಾಲಯವಿರುತ್ತದೆ. ಪ್ರಯಾಣದ ಹಿಂದಿನ ರಾತ್ರಿಯಿಂದ ಉಪವಾಸ. ದೇವಸ್ಥಾನದ ಪ್ರವಚನಕ್ಕೆ ಹೋಗುವುದು ನಿಂತಿತು. “ಯಾರ ಮನೆಗೆ ಹೋದರೂ ಮೊದಲು ಹುಡುಕುವುದು ಕಕ್ಕಸು ಎಲ್ಲಿದೆ ಎಂದು. ಜೀವ ಉಳಿಯಿತು ಕಣಯ್ಯ, ಅದಕ್ಕೆ ಆ ವೈದ್ಯರಿಗೆ ನಮಸ್ಕಾರ. ಆದರೆ ಇದು ಜೀವನವೇ?”

ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕನ್ನಡ ಕಲಿಸುವ ನನಗೆ ವೈದ್ಯ ತಿಳಿಯದು. ಆದರೆ ತಿಳಿದವರನ್ನು ಕೇಳಿ, ಓದಿ, ಕೆಲವು ಸಂಗತಿಗಳನ್ನು ಅರಿತುಕೊಂಡೆ. ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಆಡದ ವಿಷಯ ಇದು. ಆಡದೆ ಇರುವುದರಿಂದ ಎಷ್ಟು ಮಂದಿ ಮನೆಯ ಮೂಲೆ ಹಿಡಿದಿದ್ದಾರೋ ಎಂಬ ಶಂಕೆಯಿಂದಲೇ ಇಂದು ಬರೆಯುತ್ತಿದ್ದೇನೆ. ಓದುಗರು ಸಂಕೋಚವನ್ನು ಸ್ವಲ್ಪ ಹೊತ್ತು ಬದಿಗಿಡಬೇಕು.

ಮಲಾಶಯ ಎಂಬ ಪದವನ್ನೇ ನೋಡಿ. ಜಲಾಶಯ, ಮೂತ್ರಾಶಯ, ಗರ್ಭಾಶಯಗಳಲ್ಲಿರುವ ‘ಆಶಯ’ವೇ ಇಲ್ಲಿಯೂ ಇದೆ. ಆಶಯವೆಂದರೆ ಒಂದು ವಸ್ತು ಬಂದು ನೆಲೆಯಾಗಿ ನಿಲ್ಲುವ ಎಡೆ. ದೊಡ್ಡ ಕರುಳಿನ ಕೊನೆಯಲ್ಲಿ, ಸುಮಾರು 12ರಿಂದ 15 ಸೆಂಟಿಮೀಟರ್ ಉದ್ದದ ಈ ಭಾಗ ಹಿಗ್ಗಿ ಹಿಡಿದಿಟ್ಟುಕೊಳ್ಳಬಲ್ಲುದು. ಒಳಗಿರುವುದು ಗಾಳಿಯೋ ನೀರೋ ಘನವೋ ಎಂಬುದನ್ನು ಅದರ ಕೆಳತುದಿಯ ನರಗಳು ಬೇರ್ಪಡಿಸಿ ತಿಳಿಯಬಲ್ಲವು. “ಈಗ ಬೇಡ, ಮನೆಗೆ ಹೋದ ಮೇಲೆ” ಎಂದರೆ ಕೇಳಬಲ್ಲುದು. ಅದನ್ನು ತೆಗೆದು ಮೇಲಿನ ಕರುಳನ್ನು ಗುದದ್ವಾರದ ಬಳಿ ಹೊಲಿದರೆ, ಜಲಾಶಯವನ್ನು ಕೆಡವಿ ಕಾಲುವೆಯನ್ನು ನೇರವಾಗಿ ತೂಬಿಗೆ ಜೋಡಿಸಿದಂತಾಗುತ್ತದೆ. ಬಂದದ್ದು ನಿಲ್ಲುವ ಎಡೆಯಿಲ್ಲ. ಎಲ್ಲ ಭಾರವೂ ತೂಬಿನ ಮೇಲೆ.

ಹಾಗಾದರೆ ಏಕೆ ತೆಗೆಯಬೇಕು? ಉತ್ತರ ಚರಿತ್ರೆಯಲ್ಲಿದೆ. ಲಂಡನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಮೈಲ್ಸ್ ಎಂಬವರು ಗೆಡ್ಡೆಯನ್ನು ಕೆಳಗಿನಿಂದ ಮಾತ್ರ ತೆಗೆಯುತ್ತಿದ್ದ ಕಾಲದಲ್ಲಿ, ಅವರ 57 ರೋಗಿಗಳ ಪೈಕಿ 54 ಮಂದಿಗೆ ರೋಗ ಮರುಕಳಿಸಿತು. 1908ರಲ್ಲಿ ಅವರು ಹೊಟ್ಟೆಯಿಂದಲೂ ಕೆಳಗಿನಿಂದಲೂ ಇಡೀ ಮಲಾಶಯವನ್ನೂ ಗುದವನ್ನೂ ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಜೀವಗಳು ಉಳಿಯತೊಡಗಿದುವು. ಆದರೆ ಆ ರೋಗಿಗಳು ಹೊಟ್ಟೆಯ ಮೇಲೆ ತೆರೆದ ಕರುಳಿನ ಬಾಯೊಂದಿಗೆ ಆಜನ್ಮ ಬದುಕಬೇಕಾಗಿತ್ತು. 1970ರ ದಶಕದಲ್ಲಿ ಕರುಳನ್ನು ವರ್ತುಲಾಕಾರವಾಗಿ ಹೊಲಿಯುವ ಯಂತ್ರಗಳು ಬಳಕೆಗೆ ಬಂದು, ಬಹಳ ಕೆಳಗೂ ಜೋಡಿಸುವುದು ಸಾಧ್ಯವಾಯಿತು. 1982ರಲ್ಲಿ ಇಂಗ್ಲೆಂಡಿನ ಬೇಸಿಂಗ್‌ಸ್ಟೋಕಿನ ಬಿಲ್ ಹೀಲ್ಡ್ ಎಂಬ ಶಸ್ತ್ರವೈದ್ಯರು, ಮಲಾಶಯವನ್ನು ಸುತ್ತಿರುವ ಕೊಬ್ಬಿನ ಹೊದಿಕೆಯನ್ನು ಹರಿಯದಂತೆ ಇಡಿಯಾಗಿ ಬಿಡಿಸಿ ತೆಗೆದರೆ ರೋಗ ಮರುಕಳಿಸುವುದು ಬಹಳ ಮಟ್ಟಿಗೆ ತಗ್ಗುವುದೆಂದು ತೋರಿಸಿದರು. ಹೀಗೆ ಒಂದು ಶತಮಾನದಲ್ಲಿ, ಗುದವನ್ನು ಉಳಿಸಿ ರೋಗವನ್ನು ಮಾತ್ರ ಕಳೆಯುವ ವಿದ್ಯೆ ಬೆಳೆಯಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಆ ಜೋಡಣೆ ಯಾವಾಗಲೂ ನಿಲ್ಲುವುದಿಲ್ಲ. ದೊಡ್ಡಪ್ಪನಿಗೆ ಆರನೆಯ ದಿನ ಜ್ವರ ಬಂತು. ಹೊಲಿಗೆಯ ಒಂದು ಕಡೆ ಬಿಟ್ಟು ಮಲ ಒಳಗೆ ಸೋರಿತ್ತು. ಎಷ್ಟೇ ಕೈಚಳಕವುಳ್ಳ ವೈದ್ಯರಿಗೂ ಎದುರಾಗುವ ತೊಡಕು ಇದು. ಜೋಡಣೆ ಕೆಳಗಿಳಿದಷ್ಟೂ ಸೋರುವ ಅಪಾಯ ಹೆಚ್ಚು. ಸ್ವೀಡನ್ನಿನಲ್ಲಿ 234 ರೋಗಿಗಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸಣ್ಣ ಕರುಳಿನ ಬಾಯಿಯನ್ನು ತಾತ್ಕಾಲಿಕವಾಗಿ ಹೊಟ್ಟೆಯ ಮೇಲೆ ತೆರೆದು ಜೋಡಣೆಗೆ ವಿಶ್ರಾಂತಿ ಕೊಟ್ಟವರಲ್ಲಿ ನೂರಕ್ಕೆ 10 ಮಂದಿಗೆ ಇಂಥ ಸೋರಿಕೆಯ ತೊಂದರೆಯಾಯಿತು. ಹಾಗೆ ಮಾಡದವರಲ್ಲಿ 28 ಮಂದಿಗೆ. ಸೋರಿದ ಕಡೆ ಕೀವಾಗುತ್ತದೆ. ಕೀವು ಮಾಗಿದ ಮೇಲೆ ಗಾಯದ ಗಂಟು ಉಳಿಯುತ್ತದೆ. ಮೊದಲೇ ಇಕ್ಕಟ್ಟಾದ ಕರುಳು ಆ ಗಂಟಿನಿಂದ ಚರ್ಮದ ಹಳೆಯ ಚೀಲದಂತೆ ಬಿರುಸಾಗಿ, ಹಿಗ್ಗುವ ಗುಣವನ್ನು ಇನ್ನಷ್ಟು ಕಳೆದುಕೊಳ್ಳುತ್ತದೆ. ಅಂದಿನ ಜ್ವರ ಹತ್ತು ದಿನದಲ್ಲಿ ಇಳಿಯಿತು. ಅದರ ಸಾಲವನ್ನು ದೊಡ್ಡಪ್ಪ ಇಂದಿಗೂ ತೀರಿಸುತ್ತಿದ್ದಾರೆ.

ವಿಕಿರಣದ ಲೆಕ್ಕವೂ ಹೀಗೆಯೇ. ಶಸ್ತ್ರಚಿಕಿತ್ಸೆಗೆ ಮೊದಲು ವಿಕಿರಣ ಕೊಟ್ಟರೆ ಅದೇ ಜಾಗದಲ್ಲಿ ರೋಗ ಮರಳುವುದು ಕಡಿಮೆಯಾಗುತ್ತದೆಂಬುದನ್ನು ಹಾಲೆಂಡಿನ ದೊಡ್ಡ ಪರೀಕ್ಷೆಯೊಂದು 2001ರಲ್ಲಿ ಸ್ಥಿರಪಡಿಸಿತು. ಅದೇ ರೋಗಿಗಳನ್ನು ವರ್ಷಗಳ ಮೇಲೆ ವಿಚಾರಿಸಿ 2005ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮಲ ತಡೆಯಲಾಗದ ತೊಂದರೆ ವಿಕಿರಣ ಪಡೆದವರಲ್ಲಿ ನೂರಕ್ಕೆ 62 ಮಂದಿಗಿತ್ತು, ಪಡೆಯದವರಲ್ಲಿ 38 ಮಂದಿಗೆ. ವಿಕಿರಣ ಬೇಡವೆಂದು ಇದರ ಅರ್ಥವಲ್ಲ. ಕೊಳ್ಳುವ ವಸ್ತುವಿನ ಬೆಲೆ ತಿಳಿದು ಕೊಳ್ಳಬೇಕೆಂದು ಮಾತ್ರ ಅರ್ಥ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಶಸ್ತ್ರಚಿಕಿತ್ಸೆಯ ತೊಡಕುಗಳನ್ನು ಆಸ್ಪತ್ರೆಗಳು ಸಾಮಾನ್ಯವಾಗಿ ಮೊದಲ 30 ದಿನಗಳ ಮಟ್ಟಿಗೆ ಲೆಕ್ಕವಿಡುತ್ತವೆ. ಜ್ವರ, ಕೀವು, ರಕ್ತಸ್ರಾವ, ಮರುಶಸ್ತ್ರಕ್ರಿಯೆ ಎಲ್ಲವೂ ಆ ಪಟ್ಟಿಯಲ್ಲಿ ಬರುತ್ತವೆ. ಮೂವತ್ತೊಂದನೆಯ ದಿನ ವೈದ್ಯರ ಪಟ್ಟಿ ಮುಗಿಯುತ್ತದೆ. ರೋಗಿಯ ಪಟ್ಟಿ ಹೆಚ್ಚು ಕಡಿಮೆ ಆಗಲೇ ಆರಂಭವಾಗುತ್ತದೆ. ಪ್ರವಚನ ತಪ್ಪಿದ್ದು, ಬಸ್ಸು ಬಿಟ್ಟದ್ದು, ಧಾರೆ ಬೇಡವೆಂದದ್ದು ಯಾವ ಪಟ್ಟಿಯಲ್ಲಿ ಸೇರಬೇಕು?

ಈ ಕೊರತೆಯನ್ನು ತುಂಬಲು ಡೆನ್ಮಾರ್ಕಿನ ವೈದ್ಯರು 2012ರಲ್ಲಿ ಒಂದು ಸಣ್ಣ ಪ್ರಶ್ನಪತ್ರಿಕೆಯನ್ನು ಪ್ರಕಟಿಸಿದರು. ಐದೇ ಪ್ರಶ್ನೆಗಳು. ಗಾಳಿಯನ್ನು ತಡೆಯಲಾರದ ಸಂದರ್ಭ ಉಂಟೇ? ನೀರಾದ ಮಲ ತಿಳಿಯದೆ ಸೋರುವುದುಂಟೇ? ದಿನಕ್ಕೆ ಎಷ್ಟು ಸಲ ಹೋಗಬೇಕಾಗುತ್ತದೆ? ಒಮ್ಮೆ ಹೋಗಿ ಬಂದು ಒಂದು ಗಂಟೆಯೊಳಗೆ ಮತ್ತೆ ಹೋಗಬೇಕಾಗುವುದೇ? ಓಡಿಹೋಗಬೇಕಾದಷ್ಟು ಅವಸರವಾಗುವುದೇ? ಒಟ್ಟು ಅಂಕ 42. ಇಪ್ಪತ್ತರವರೆಗೆ ಬಂದರೆ ತೊಂದರೆಯಿಲ್ಲ. 21ರಿಂದ 29 ಅಲ್ಪ ತೊಂದರೆ. 30ರಿಂದ ಮೇಲೆ ಬಹಳ ತೊಂದರೆ. ಈ ಒಟ್ಟು ತೊಂದರೆಗೆ ವೈದ್ಯರು ‘ಲಾರ್ಸ್’ ಎಂದು ಹೆಸರಿಟ್ಟಿದ್ದಾರೆ.

ನಾನು ಪ್ರಶ್ನೆಗಳನ್ನು ಓದಿ ಹೇಳಿದೆ. ದೊಡ್ಡಪ್ಪ ಹಳೆಯ ಅಭ್ಯಾಸದಂತೆ ಕಾಗದದ ಅಂಚಿನಲ್ಲಿ ಅಂಕಗಳನ್ನು ಬರೆದು ಕೂಡಿದರು. ಮೂವತ್ತೊಂಬತ್ತು. “ನೂರಕ್ಕೆ ತೊಂಬತ್ತಮೂರಾಯಿತಲ್ಲ! ನಾನು ಪರೀಕ್ಷೆಗಳಲ್ಲಿ ಎಂದೂ ಇಷ್ಟು ತೆಗೆದವನಲ್ಲ” ಎಂದು ನಕ್ಕರು. ನಗು ನಿಂತ ಮೇಲೆ ಆಡಿದ ಮಾತು ಬೇರೆ: “ಇದಕ್ಕೊಂದು ಹೆಸರಿದೆ ಎಂದು ಯಾರೂ ಹೇಳಿರಲಿಲ್ಲ. ನನ್ನದೇ ಏನೋ ದೌರ್ಬಲ್ಯ ಎಂದುಕೊಂಡಿದ್ದೆ.” ರೋಗಕ್ಕೆ ಹೆಸರು ಸಿಕ್ಕರೆ ಅರ್ಧ ಅವಮಾನ ಇಳಿಯುವುದೆಂಬುದನ್ನು ಅಂದು ಕಣ್ಣಾರೆ ಕಂಡೆ.

ಇನ್ನು ಚೀಲದ ಮಾತು. ಸೋರಿಕೆಯಾದಾಗ ದೊಡ್ಡಪ್ಪನಿಗೆ ಸಣ್ಣ ಕರುಳಿನ ಬಾಯನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಅಂಟಿಸಿದ್ದರು. ಎಂಟು ತಿಂಗಳು ಅದಿತ್ತು. ಮೊದಲ ವಾರಗಳಲ್ಲಿ ಬಹಳ ಹಿಂಸೆಯಾಯಿತು. ಸಣ್ಣ ಕರುಳಿನಿಂದ ಬರುವ ಜೀರ್ಣರಸ ಚರ್ಮವನ್ನು ಸುಡುತ್ತದೆ. ನೀರೂ ಉಪ್ಪೂ ದೇಹದಿಂದ ಹರಿದುಹೋಗಿ ಒಮ್ಮೆ ತಲೆಸುತ್ತಿ ಬಿದ್ದಿದ್ದರು. ಚೀಲದ ರಂಧ್ರವನ್ನು ಕರುಳಿನ ಬಾಯಿಯ ಅಳತೆಗೆ ಸರಿಯಾಗಿ ಕತ್ತರಿಸಬೇಕು, ಉಪ್ಪು ಸಕ್ಕರೆ ಬೆರೆಸಿದ ಪಾನಕವನ್ನು ಅಳತೆಯಂತೆ ಕುಡಿಯಬೇಕು ಎಂದು ದಾದಿಯೊಬ್ಬಳು ಕಲಿಸಿದ ಮೇಲೆ ಸರಿಹೋಯಿತು. ಅನಂತರ ಅದೇ ಚೀಲವನ್ನು ಪಂಚೆಯೊಳಗೆ ಕಟ್ಟಿಕೊಂಡು ಶೃಂಗೇರಿಗೂ ಹೋಗಿ ಬಂದರು! ಚೀಲ ತೆಗೆದು ಕರುಳನ್ನು ಮುಚ್ಚಿದ ದಿನ ಮನೆಯವರೆಲ್ಲ ಹಬ್ಬ ಮಾಡಿದೆವು. ಆ ದಿನದಿಂದಲೇ ಅವರ ತಿರುಗಾಟ ನಿಂತಿತು.

ಇದು ಅವರೊಬ್ಬರ ಅನುಭವವಲ್ಲ. ಶಾಶ್ವತವಾಗಿ ಚೀಲವುಳ್ಳವರ ಬದುಕಿನ ಗುಣಮಟ್ಟ, ಕರುಳು ಜೋಡಿಸಿಕೊಂಡವರದಕ್ಕಿಂತ ಕೀಳೆಂದು ಖಚಿತವಾಗಿ ಹೇಳಲು ಆಧಾರವಿಲ್ಲವೆಂದು, ಅನೇಕ ಅಧ್ಯಯನಗಳನ್ನು ಒಟ್ಟಿಗೆ ತೂಗಿದ ಕಾಕ್ರೇನ್ ಸಂಸ್ಥೆಯ ಪರಾಮರ್ಶೆ 2012ರಲ್ಲಿಯೂ ತೀರ್ಮಾನಿಸಿತು. ಚೀಲವೆಂದರೆ ಸಾವಿಗಿಂತ ಹೆಚ್ಚಾಗಿ ಹೆದರುವ ನಮ್ಮ ಜನ ಇದನ್ನು ತಿಳಿಯಬೇಕು. ಆ ಚೀಲದ ಹುಟ್ಟೂ ಕರುಣೆಯಿಂದಲೇ ಆಯಿತು. ಡೆನ್ಮಾರ್ಕಿನ ದಾದಿ ಎಲಿಸೆ ಸೋರೆನ್ಸೆನ್ ಅವರ ತಂಗಿ ಥೋರಾ ಇಂಥ ಶಸ್ತ್ರಕ್ರಿಯೆಯ ಬಳಿಕ, ಸೋರೀತೆಂಬ ಭಯದಿಂದ ಹೊರಗೆ ಹೊರಡುವುದನ್ನೇ ಬಿಟ್ಟಿದ್ದರು. ತಂಗಿಗಾಗಿ ಅಕ್ಕ 1954ರಲ್ಲಿ ಮೈಗೆ ಅಂಟುವ ತೆಳು ಚೀಲವೊಂದನ್ನು ಕಲ್ಪಿಸಿದರು. ಅದನ್ನು ತಯಾರಿಸಲು 1957ರಲ್ಲಿ ಕೋಲೋಪ್ಲಾಸ್ಟ್ ಎಂಬ ಸಂಸ್ಥೆಯೇ ಹುಟ್ಟಿತು. ಇಂದು ಲೋಕದ ಎಲ್ಲೆಡೆ ಬಳಕೆಯಲ್ಲಿರುವ ಅಂಟುಚೀಲಗಳ ಹಿಂದೆ, ಮನೆಯ ಬಾಗಿಲು ದಾಟಲಾರದೆ ಕುಳಿತ ಒಬ್ಬ ತಂಗಿಯಿದ್ದಾಳೆ.

ಒಂದು ವಿಷಯವನ್ನು ದೊಡ್ಡಪ್ಪ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಬರೆಯದೆ ಬಿಟ್ಟರೆ ತಪ್ಪಾಗುತ್ತದೆ. ಮಲಾಶಯಕ್ಕೆ ಒತ್ತಿಕೊಂಡೇ ಹೋಗುವ ಸೂಕ್ಷ್ಮ ನರಗಳು ಮೂತ್ರಾಶಯವನ್ನೂ ದಾಂಪತ್ಯ ಸುಖವನ್ನೂ ಆಳುತ್ತವೆ. ಗೆಡ್ಡೆ ಹತ್ತಿರವಿದ್ದರೆ ಅವು ಕತ್ತರಿಗೆ ಸಿಕ್ಕಬಹುದು. ಮೂತ್ರ ಕಟ್ಟುವುದು, ಗಂಡಸಿಗೆ ಶಕ್ತಿ ಕುಂದುವುದು, ಹೆಂಗಸಿಗೆ ನೋವಾಗುವುದು ಇವೆಲ್ಲ ಆಗ ಸಂಭವಿಸುತ್ತವೆ. ನರಗಳನ್ನು ಗುರುತಿಸಿ ಉಳಿಸುವ ವಿಧಾನಗಳು ಈಗ ಇವೆ. ಕುಂದಿದ್ದಕ್ಕೆ ಚಿಕಿತ್ಸೆಗಳೂ ಇವೆ. ವೈದ್ಯರು ಹೇಳಲು ಸಂಕೋಚಪಡುತ್ತಾರೆ, ರೋಗಿ ಕೇಳಲು ನಾಚುತ್ತಾನೆ, ಹೆಂಡತಿ ತನ್ನ ಮೇಲೆ ಬೇಸರವೆಂದು ಒಳಗೇ ನೋಯುತ್ತಾಳೆ. ಅರುವತ್ತು ದಾಟಿದವರಿಗೆ ಇದೆಲ್ಲ ಏಕೆಂಬ ಉದಾಸೀನ ಬೇರೆ. ಗಂಡಹೆಂಡಿರ ನಡುವೆ ಬೆಳೆಯುವ ಆ ಮೌನ ಯಾವ ಹೊಲಿಗೆಯ ಸೋರಿಕೆಗೂ ಕಡಿಮೆಯದಲ್ಲ.

ಉಪಾಯಗಳಿಲ್ಲವೇ? ಇವೆ. ಅವೆಲ್ಲ ಸಣ್ಣವು, ತಾಳ್ಮೆ ಬೇಡುವಂಥವು. ಕಾಫಿ, ಮಸಾಲೆ, ಕೊಬ್ಬು ಹೆಚ್ಚಾದ ತಿಂಡಿಗಳು ಅವಸರವನ್ನು ಹೆಚ್ಚಿಸುತ್ತವೆ. ಅನ್ನ, ಬಾಳೆಹಣ್ಣುಗಳು ಮಲವನ್ನು ಗಟ್ಟಿಮಾಡುತ್ತವೆ. ಲೊಪೆರಮೈಡ್ ಎಂಬ ಅಗ್ಗದ ಗುಳಿಗೆಯನ್ನು ವೈದ್ಯರು ಹೇಳಿದ ಅಳತೆಯಲ್ಲಿ, ಊಟಕ್ಕೆ ಮುಂಚೆ ಸೇವಿಸಿದರೆ ಕರುಳಿನ ಓಟ ನಿಧಾನವಾಗುತ್ತದೆ. ಗುದದ ಬಿಗಿಸ್ನಾಯುಗಳಿಗೆ ವ್ಯಾಯಾಮವಿದೆ. ಇವುಗಳಿಂದ ಸಾಲದಿದ್ದರೆ, ಉಗುರುಬೆಚ್ಚಗಿನ ನೀರನ್ನು ಗುದದ್ವಾರದಿಂದ ಏರಿಸಿ ಕರುಳನ್ನು ತೊಳೆದುಕೊಳ್ಳುವ ಕ್ರಮವನ್ನು ಕಲಿಸುತ್ತಾರೆ. ಆಮೇಲೆ ಅನೇಕ ಗಂಟೆಗಳವರೆಗೆ ನಿಶ್ಚಿಂತೆ. ಆದರೆ ಜೋಡಣೆ ಚೆನ್ನಾಗಿ ಮಾಗಿದೆಯೆಂದು ವೈದ್ಯರು ಪರೀಕ್ಷಿಸಿ ಒಪ್ಪುವವರೆಗೆ ಇದನ್ನು ಮಾಡಬಾರದು. ಮೊದಲ ಒಂದೆರಡು ವರ್ಷಗಳಲ್ಲಿ ಕರುಳು ತಾನಾಗಿಯೂ ಕೊಂಚ ಪಳಗುತ್ತದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಿವೆ. ಚೀಲ ಧರಿಸಿದವರ ನೆರವಿಗೆಂದೇ ಮುಂಬಯಿಯಲ್ಲಿ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಇದೆ. ಬಾಯಿಬಿಟ್ಟು ಕೇಳುವವನಿಗೆ ದಾರಿ ಉಂಟು.

ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕೇಳಬೇಕಾದ ಪ್ರಶ್ನೆಗಳೂ ಕೆಲವಿವೆ. ನನ್ನ ಗೆಡ್ಡೆ ಎಷ್ಟು ಕೆಳಗಿದೆ? ಜೋಡಿಸಿದರೆ ನನ್ನ ದಿನಚರಿ ಹೇಗಿರುತ್ತದೆ, ಚೀಲವಾದರೆ ಹೇಗೆ? ತಾತ್ಕಾಲಿಕವೆನ್ನುವ ಚೀಲ ಶಾಶ್ವತವಾಗಿಯೇ ಉಳಿಯುವ ಸಂಭವವೆಷ್ಟು? ನರಗಳು ಉಳಿದಾವೇ? ಶಸ್ತ್ರವಿಲ್ಲದೆ ಕಾಯುವ ದಾರಿ ನನಗುಂಟೇ? ಈ ಕೊನೆಯ ಪ್ರಶ್ನೆ ಹುಚ್ಚಲ್ಲ. ಬ್ರೆಜಿಲ್ ದೇಶದ ಸಾವೊ ಪೌಲೊ ನಗರದ ಶಸ್ತ್ರವೈದ್ಯೆ ಆಂಜೆಲಿಟಾ ಹಬರ್-ಗಾಮಾ ಅವರು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ವಿಕಿರಣ ಮತ್ತು ಔಷಧಿಯಿಂದಲೇ ಗೆಡ್ಡೆ ಕಣ್ಣಿಗೆ ಕಾಣದಂತೆ ಕರಗಿದ ರೋಗಿಗಳು 265ರಲ್ಲಿ 71 ಮಂದಿ ಇದ್ದರು. ಅವರನ್ನು ಕೊಯ್ಯದೆ, ಪದೇ ಪದೇ ಪರೀಕ್ಷಿಸುತ್ತ ಕಾಯ್ದರು. ಎಲ್ಲರಿಗೂ ಈ ಭಾಗ್ಯವಿಲ್ಲ. ಗೆಡ್ಡೆ ಮರಳಿದರೆ ಆಗ ಶಸ್ತ್ರ ತಪ್ಪುವುದಿಲ್ಲ. ಆದರೂ ಕೇಳಿದರೆ ನಷ್ಟವೇನು?

ದೊಡ್ಡಪ್ಪನನ್ನು ನಾನು ಮತ್ತೆ ಆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರೈಲಿನಲ್ಲಿಯೇ ಹೋದೆವು. ಮೂವತ್ತೊಂಬತ್ತು ಅಂಕದ ಕಾಗದವನ್ನು ವೈದ್ಯರು ಗಮನವಿಟ್ಟು ಓದಿ, “ನೀವು ಪ್ರತಿ ಸಲವೂ ಚೆನ್ನಾಗಿದ್ದೇನೆ ಎಂದೇ ಹೇಳುತ್ತಿದ್ದಿರಲ್ಲ, ಮೇಷ್ಟ್ರೇ?” ಎಂದರು. ದೊಡ್ಡಪ್ಪ ಉತ್ತರ ಕೊಡಲಿಲ್ಲ. ಪ್ರಾಣ ಉಳಿಸಿದವರ ಮುಂದೆ ದೂರು ಹೇಳುವುದು ಕೃತಘ್ನತೆಯೆಂದು ಅವರ ಭಾವನೆ. ನಮ್ಮ ಹಿರಿಯರಲ್ಲಿ ಬಹಳ ಮಂದಿಯ ಭಾವನೆಯೂ ಅದೇ. ಜೋಡಣೆಯನ್ನು ಪರೀಕ್ಷಿಸಿದ ಮೇಲೆ ಗುಳಿಗೆ ಬರೆದುಕೊಟ್ಟರು. ದಾದಿ ವ್ಯಾಯಾಮವನ್ನೂ ತೊಳೆದುಕೊಳ್ಳುವ ಕ್ರಮವನ್ನೂ ಕಲಿಸಿದಳು. ಮೂರು ತಿಂಗಳ ಮೇಲೆ ಅಂಕ ಇಪ್ಪತ್ತೆಂಟಕ್ಕೆ ಇಳಿಯಿತು. ಪೂರ್ತಿ ಗುಣವೆಂದು ಹೇಳಲಾರೆ. ಕೆಟ್ಟ ದಿನಗಳು ಈಗಲೂ ಬರುತ್ತವೆ.

ಮದುವೆಯ ದಿನ ಅವರು ನಾಲ್ಕು ಗಂಟೆಗೆ ಎದ್ದು ತಮ್ಮ ಕ್ರಮವನ್ನೆಲ್ಲ ಮುಗಿಸಿಕೊಂಡಿದ್ದರು. ಪುರೋಹಿತರಿಗೆ ನಾನು ಮೊದಲೇ ವಿಷಯ ತಿಳಿಸಿದ್ದೆ. ಅವರು, “ಅದಕ್ಕೇನಂತೆ, ಅವರು ಎದ್ದರೆ ಮಂತ್ರವೂ ಕಾಯುತ್ತದೆ” ಎಂದಿದ್ದರು. ಮಂಟಪದ ಹಿಂದಿನ ಕೋಣೆಯ ಬಾಗಿಲನ್ನು ತೆರೆದೇ ಇಟ್ಟಿದ್ದೆವು. ದೊಡ್ಡಪ್ಪ ಹಸೆಯ ಮೇಲೆ ಕುಳಿತರು. ದೊಡ್ಡಮ್ಮ ನೀರು ಬಿಟ್ಟರು. ತಂಗಿಯ ಕೈಯನ್ನು ಹಿಡಿದು ಅವರು ಧಾರೆ ಎರೆದುಕೊಟ್ಟರು. ಕೈ ನಡುಗಲಿಲ್ಲ.

ಮಾಂಗಲ್ಯಧಾರಣೆಯಾಗಿ ಓಲಗ ನಿಂತ ಮೇಲೆ ಮೆಲ್ಲಗೆ ಎದ್ದು ಹಿಂದಿನ ಬಾಗಿಲ ಕಡೆ ನಡೆದರು. ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದೆಂದು ನಮ್ಮ ಹಿರಿಯರು ಕಲಿಸಿದ್ದಾರೆ. ಅಂದು ಯಾರೂ ಕೇಳಲಿಲ್ಲ.